ಅಮೆರಿಕದಲ್ಲಿ ಬಾಯಿಗೆ ಬೀಗವೇ ಇಲ್ಲವೇ?

ಅಮೆರಿಕದ ವೀಸಾ ಸಿಗಲೆಂದು ಚಿಲ್ಕೂರು ಬಾಲಾಜಿಗೆ ಹನ್ನೊಂದು ಪ್ರದಕ್ಷಿಣೆ ಹಾಕುವುದು ಹೈದರಾಬಾದಿನವರಿಗೆ ಹೊಸದಲ್ಲ. 2025ರ ಜೂನ್‌ನಿಂದ ವಿದ್ಯಾರ್ಥಿಗಳಿಗೆ ಇನ್ನೊಂದು ವಿಧಿಯೂ ಸೇರಿಕೊಂಡಿದೆ. ನಾನಕ್‌ರಾಮ್‌ಗುಡದ ಕಾನ್ಸುಲೇಟ್‌ಗೆ ಸಂದರ್ಶನಕ್ಕೆ ಹೋಗುವ ಮುನ್ನ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಖಾತೆಗಳನ್ನು ಅಧಿಕಾರಿಗಳು ನೋಡುವಂತೆ ‘ಪಬ್ಲಿಕ್’ ಮಾಡಿಡಬೇಕು. ಹಿಂದಿನ ಐದು ವರ್ಷ ಬಳಸಿದ ಖಾತೆಗಳ ಹೆಸರನ್ನು ಅರ್ಜಿಯಲ್ಲಿ ಬರೆಯುವ ನಿಯಮ 2019ರಿಂದಲೇ ಇತ್ತು. 2025ರ ಡಿಸೆಂಬರ್‌ನಲ್ಲಿ ಎಚ್-1ಬಿ ಅರ್ಜಿದಾರರನ್ನೂ ಈ ‘ಪಬ್ಲಿಕ್’ ನಿಯಮದೊಳಗೆ ತಂದರು.

ಇಷ್ಟಾದರೂ ‘ಅಲ್ಲಿ ಅಧ್ಯಕ್ಷರನ್ನೇ ಬೈದರೂ ಯಾರೂ ಕೇಳುವುದಿಲ್ಲ’ ಎಂಬ ನಂಬಿಕೆ ಅಲುಗಾಡಿಲ್ಲ. ಅದು ಪೂರಾ ಸುಳ್ಳೂ ಅಲ್ಲ. ರಾಷ್ಟ್ರಧ್ವಜ ಸುಡುವುದೂ ಅಭಿವ್ಯಕ್ತಿಯೇ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲಿ ಹೇಳಿತು. ನಮ್ಮಲ್ಲಿ ಅದೇ ಕೃತ್ಯಕ್ಕೆ 1971ರ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲು. ಸೈನಿಕನೊಬ್ಬನ ಅಂತ್ಯಕ್ರಿಯೆಯ ಹೊತ್ತಿನಲ್ಲಿ, ಸೈನಿಕರ ಸಾವಿಗೆ ದೇವರಿಗೆ ವಂದನೆ ಎಂಬ ಫಲಕ ಹಿಡಿದು ನಿಂತವರಿಗೂ 2011ರಲ್ಲಿ ಅದೇ ಕೋರ್ಟು ರಕ್ಷಣೆ ಕೊಟ್ಟಿತು. ಇಷ್ಟು ಹೊಲಸು ಮಾತನ್ನೂ ಸಹಿಸುವ ನ್ಯಾಯಾಲಯಗಳು ಜಗತ್ತಿನಲ್ಲಿ ಕಡಿಮೆ.

ಆದರೆ ಈ ಔದಾರ್ಯ 1791ರಲ್ಲಿ, ಮಾತನ್ನು ಕಾಯುವ ಅಲ್ಲಿನ ಸಂವಿಧಾನದ ಮೊದಲ ತಿದ್ದುಪಡಿಯ ಜೊತೆಗೇ ಹುಟ್ಟಿತು ಎಂದುಕೊಳ್ಳುವುದು ತಪ್ಪು. ತಿದ್ದುಪಡಿ ಬಂದು ಏಳೇ ವರ್ಷಕ್ಕೆ, 1798ರಲ್ಲಿ, ಸರ್ಕಾರವನ್ನು ಟೀಕಿಸುವವರನ್ನು ಹಿಡಿಯಲು ರಾಜದ್ರೋಹದ ಕಾಯ್ದೆಯೊಂದು ಬಂತು. ವರ್ಮಾಂಟಿನ ಸಂಸದ ಮ್ಯಾಥ್ಯೂ ಲಯನ್ ನಾಲ್ಕು ತಿಂಗಳು ಜೈಲು ಕಂಡ. ಮತದಾರರು ಅವನನ್ನು ಜೈಲಿನಲ್ಲಿದ್ದಾಗಲೇ ಮತ್ತೆ ಗೆಲ್ಲಿಸಿದರು, ಆ ಮಾತು ಬೇರೆ. 1918ರಲ್ಲಿ ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್ ಒಹಾಯೊದ ಕ್ಯಾಂಟನ್‌ನಲ್ಲಿ ಯುದ್ಧದ ವಿರುದ್ಧ ಒಂದು ಭಾಷಣ ಮಾಡಿದ್ದಕ್ಕೆ ಹತ್ತು ವರ್ಷದ ಶಿಕ್ಷೆಯಾಯಿತು. ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ಎತ್ತಿಹಿಡಿಯಿತು. 1920ರಲ್ಲಿ ಡೆಬ್ಸ್ ಜೈಲಿನಿಂದಲೇ ಅಧ್ಯಕ್ಷ ಚುನಾವಣೆಗೆ ನಿಂತು ಒಂಬತ್ತು ಲಕ್ಷಕ್ಕೂ ಹೆಚ್ಚು ಮತ ಪಡೆದರು.

‘ತುಂಬಿದ ಥಿಯೇಟರಿನಲ್ಲಿ ಬೆಂಕಿ ಬೆಂಕಿ ಎಂದು ಸುಳ್ಳು ಕೂಗುವಂತಿಲ್ಲ’ ಎಂಬ ಮಾತನ್ನು ನಮ್ಮ ಟಿವಿ ಚರ್ಚೆಗಳಲ್ಲೂ ಕೇಳುತ್ತೇವೆ. ಇದರ ಮೂಲ 1919ರ ಶೆಂಕ್ ಪ್ರಕರಣ. ಆ ಶೆಂಕ್ ಎಲ್ಲೂ ಬೆಂಕಿ ಎಂದು ಕೂಗಿರಲಿಲ್ಲ, ಕಡ್ಡಾಯ ಸೈನ್ಯ ಭರ್ತಿಯ ವಿರುದ್ಧ ಕರಪತ್ರ ಹಂಚಿದ್ದ, ಅಷ್ಟೆ. ಅವನನ್ನು ಜೈಲಿಗೆ ಕಳಿಸಿದ ತರ್ಕವನ್ನು 1969ರ ಬ್ರಾಂಡನ್‌ಬರ್ಗ್ ತೀರ್ಪು ಬದಿಗೆ ಸರಿಸಿತು. ತಕ್ಷಣದ ಕಾನೂನುಭಂಗಕ್ಕೆ ಉದ್ದೇಶಪೂರ್ವಕವಾಗಿ ಪ್ರಚೋದಿಸುವ, ಅದು ನಡೆದೇಬಿಡುವ ಸಂಭವವೂ ಇರುವ ಮಾತನ್ನು ಮಾತ್ರ ತಡೆಯಬಹುದು ಎಂದಾಯಿತು. ಅಂದರೆ ಇಂದು ಹೊಗಳಿಸಿಕೊಳ್ಳುವ ಅಮೆರಿಕನ್ ವಾಕ್ ಸ್ವಾತಂತ್ರ್ಯಕ್ಕೆ ಅರವತ್ತು ವರ್ಷವೂ ತುಂಬಿಲ್ಲ.

ಇನ್ನೊಂದು ಗೊಂದಲವಿದೆ. ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರದ ಕೈಯನ್ನು ಮಾತ್ರ. ಖಾಸಗಿ ಕಂಪನಿ ನೌಕರನ ಪೋಸ್ಟ್ ನೋಡಿ ಕೆಲಸದಿಂದ ತೆಗೆದರೆ ಅದು ಅಡ್ಡ ಬರುವುದಿಲ್ಲ. 2021ರ ಜನವರಿಯಲ್ಲಿ ಟ್ವಿಟರ್ ಆಗಿನ್ನೂ ಅಧ್ಯಕ್ಷರಾಗಿದ್ದ ಟ್ರಂಪ್ ಅವರ ಖಾತೆಯನ್ನು ಮುಚ್ಚಿದಾಗಲೂ ಅದೇ. ತಕರಾರು ಶುರುವಾಗುವುದು ಸರ್ಕಾರ ಖಾಸಗಿಯವರ ಹೆಗಲ ಮೇಲೆ ಬಂದೂಕಿಟ್ಟಾಗ. 2025ರ ಸೆಪ್ಟೆಂಬರ್‌ನಲ್ಲಿ ಪ್ರಸಾರ ಪರವಾನಗಿಯ ಉಸ್ತುವಾರಿ ಹೊತ್ತ ಎಫ್‌ಸಿಸಿಯ ಅಧ್ಯಕ್ಷರು ಎಬಿಸಿ ವಾಹಿನಿಗೆ ಬಹಿರಂಗವಾಗಿ ಎಚ್ಚರಿಕೆ ಕೊಟ್ಟರು. ಅಂದೇ ಆ ವಾಹಿನಿಯಲ್ಲಿ ಬರುತ್ತಿದ್ದ ಜಿಮ್ಮಿ ಕಿಮ್ಮೆಲ್ ಅವರ ಹಾಸ್ಯ ಕಾರ್ಯಕ್ರಮ ನಿಂತಿತು. ಜನ ಗಲಾಟೆ ಮಾಡಿದ ಮೇಲೆ ಒಂದು ವಾರದೊಳಗೆ ಮರಳಿತು.

ಹೈದರಾಬಾದಿನಿಂದ ಹೊರಟವರಿಗೆ ಇವೆಲ್ಲಕ್ಕಿಂತ ಹತ್ತಿರದ ಪ್ರಶ್ನೆ, ಈ ಹಕ್ಕು ಪರದೇಶದವರಿಗೂ ಉಂಟೇ ಎಂಬುದು. ಇಲ್ಲಿಯೇ ಆದರ್ಶ ತೀರಾ ತೆಳುವಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1913ರ ನವೆಂಬರ್‌ನಲ್ಲಿ ‘ಗದರ್’ ಪತ್ರಿಕೆ ಆರಂಭಿಸಿದ ಲಾಲಾ ಹರದಯಾಳರನ್ನು ಮರುವರ್ಷವೇ ಅರಾಜಕತಾವಾದಿ ವಿದೇಶಿ ಎಂದು ವಲಸೆ ಕಾನೂನಿನಡಿ ಬಂಧಿಸಿದರು. ಅವರು ಜಾಮೀನಿನ ಮೇಲೆ ಹೊರಬಂದು ಸ್ವಿಟ್ಜರ್ಲೆಂಡಿಗೆ ಹೊರಟುಹೋದರು. ನೂರು ವರ್ಷ ದಾಟಿದರೂ ಅದೇ ಕತ್ತಿ ಮೊಂಡಾಗಿಲ್ಲ. 2025ರ ಮಾರ್ಚ್‌ನಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಟರ್ಕಿ ಮೂಲದ ಸಂಶೋಧಕಿ ರುಮೇಸಾ ಓಜ್‌ತುರ್ಕ್ ಅವರನ್ನು ಮುಸುಕುಧಾರಿ ಅಧಿಕಾರಿಗಳು ಬೀದಿಯಲ್ಲಿ ಹಿಡಿದು ದೂರದ ಲೂಸಿಯಾನಾಕ್ಕೆ ಸಾಗಿಸಿದರು. ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಬೇರೆಯವರ ಜೊತೆ ಸೇರಿ ಬರೆದ ಒಂದು ಲೇಖನದ ಹೊರತು ಸರ್ಕಾರ ಬೇರೆ ಸಾಕ್ಷ್ಯ ಕೊಟ್ಟಿಲ್ಲ ಎಂದ ನ್ಯಾಯಾಧೀಶರು ಮೇ ತಿಂಗಳಲ್ಲಿ ಆಕೆಯನ್ನು ಬಿಡಿಸಿದರು. ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿದ್ದ ಭಾರತೀಯ ಸಂಶೋಧಕ ಬದರ್ ಖಾನ್ ಸೂರಿ ಕೂಡ ಸುಮಾರು ಎರಡು ತಿಂಗಳು ಬಂಧನದಲ್ಲಿದ್ದರು.

ಅದೇ ವರ್ಷದ ಸೆಪ್ಟೆಂಬರ್ 30ರಂದು ಬಾಸ್ಟನ್ನಿನ ನ್ಯಾಯಾಧೀಶ ವಿಲಿಯಂ ಯಂಗ್, ಕಾನೂನುಬದ್ಧವಾಗಿ ನೆಲೆಸಿದ ವಿದೇಶಿಯರಿಗೂ ಪ್ರಜೆಗಳಷ್ಟೇ ಮಾತಿನ ಹಕ್ಕಿದೆ ಎಂದು ತೀರ್ಪಿತ್ತರು. ಒಳ್ಳೆಯ ಮಾತೇ. ಆದರೆ ಇನ್ನೂ ನಾನಕ್‌ರಾಮ್‌ಗುಡದ ಸಾಲಿನಲ್ಲಿ ನಿಂತವರಿಗೆ ಇದು ತಲುಪದು. ಬೆಲ್ಜಿಯಂನ ಮಾರ್ಕ್ಸ್‌ವಾದಿ ಎರ್ನೆಸ್ಟ್ ಮ್ಯಾಂಡೆಲ್‌ಗೆ ವೀಸಾ ನಿರಾಕರಿಸಿದ್ದನ್ನು 1972ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಿಕೊಂಡಿತ್ತು. ಅವರನ್ನು ಭಾಷಣಕ್ಕೆ ಕರೆದಿದ್ದ ಅಮೆರಿಕನ್ ಪ್ರಾಧ್ಯಾಪಕರ ವಾದ ನಡೆಯಲಿಲ್ಲ.

ಹಾಗಾದರೆ ನಮ್ಮಲ್ಲಿ? ‘ಅವರ ಸಂವಿಧಾನಕ್ಕೆ ಮಿತಿಯಿಲ್ಲ, ನಮ್ಮದಕ್ಕೆ ಬರೀ ಮಿತಿಗಳೇ’ ಎನ್ನುವುದು ಅರ್ಧ ಸತ್ಯ. ಬೆದರಿಕೆ, ಮಾನನಷ್ಟ, ಅಶ್ಲೀಲತೆ, ಪ್ರಚೋದನೆ ಇವನ್ನು ಅಲ್ಲಿನ ಕೋರ್ಟುಗಳೂ ಹೊರಗಿಟ್ಟಿವೆ. ಅವರ ಮೊದಲ ತಿದ್ದುಪಡಿ ಮಾತನ್ನು ಕಾಪಾಡಲು ಬಂದರೆ ನಮ್ಮ ಮೊದಲ ತಿದ್ದುಪಡಿ 1951ರಲ್ಲಿ ಬಂದದ್ದು ಮಿತಿಗಳ ಪಟ್ಟಿ ಬೆಳೆಸಲು, ನಿಜ. ಆದರೆ ನಿರ್ಬಂಧ ‘ಸಮಂಜಸ’ವಾಗಿರಬೇಕು ಎಂಬ ಶರತ್ತೂ ಅದೇ ತಿದ್ದುಪಡಿಯದು. 2013ರ ಮೇನಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಜಯಾ ವಿಂಧ್ಯಾಲ ಅವರನ್ನು ಒಂದು ಫೇಸ್‌ಬುಕ್ ಬರಹಕ್ಕಾಗಿ ಹೈದರಾಬಾದಿನಲ್ಲಿ ಬಂಧಿಸಿದಾಗ ಬಳಸಿದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು 2015ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆ ತೀರ್ಪು ಅಮೆರಿಕದ ಹಳೆಯ ತೀರ್ಪುಗಳನ್ನೂ ನೆನೆದಿದೆ.

ಹೈದರಾಬಾದಿನಲ್ಲಿ ಮಾತಿಗೆ ಕುತ್ತು ಬಂದದ್ದು ಎಷ್ಟೋ ಸಲ ಕಾನೂನಿನಿಂದಲ್ಲ, ಬೀದಿಯಿಂದ. ನಿಜಾಮರ ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ಬರೆಯುತ್ತಿದ್ದ ‘ಇಮ್ರೋಜ್’ ಸಂಪಾದಕ ಶೋಯೆಬುಲ್ಲಾ ಖಾನ್ 1948ರ ಆಗಸ್ಟ್‌ನಲ್ಲಿ ಕಾಚಿಗುಡದ ಬಳಿ ರಜಾಕಾರರ ಕೈಯಲ್ಲಿ ಹತರಾದರು. 2007ರ ಆಗಸ್ಟ್ 9ರಂದು ಪ್ರೆಸ್ ಕ್ಲಬ್‌ನಲ್ಲಿ ತಸ್ಲೀಮಾ ನಸ್ರೀನ್ ಮೇಲೆ ಎಂಐಎಂ ಶಾಸಕರಿದ್ದ ಗುಂಪು ನುಗ್ಗಿತು. ಶಾಸಕರಿಗೆ ಜಾಮೀನು ಸಿಕ್ಕಿತು. ಏಟು ತಿಂದ ಲೇಖಕಿಯ ಮೇಲೂ ಪೊಲೀಸರು ಕೇಸು ದಾಖಲಿಸಿದರು. 2022ರಲ್ಲಿ ನ್ಯೂಯಾರ್ಕ್ ರಾಜ್ಯದ ಷಟಾಕ್ವಾದಲ್ಲಿ ಸಲ್ಮಾನ್ ರಶ್ದಿಯನ್ನು ಇರಿದವನಿಗೆ ಇಪ್ಪತ್ತೈದು ವರ್ಷ ಶಿಕ್ಷೆಯಾಯಿತು. ವೇದಿಕೆಯ ಮೇಲೆ ಲೇಖಕರ ರಕ್ಷಣೆ ಎರಡೂ ಕಡೆ ಆಗಲಿಲ್ಲ. ಆಮೇಲೆ ಯಾರ ಮೇಲೆ ಕೇಸು ಬಿತ್ತು ಎನ್ನುವುದರಲ್ಲಿದೆ ವ್ಯತ್ಯಾಸ.

ಎರಡೂ ದೇಶ ಹೋಲುವುದು ಪ್ರತಿಭಟನೆಗೆ ಜಾಗ ಕೊಡುವಾಗ. 2004ರಲ್ಲಿ ಬಾಸ್ಟನ್ನಿನ ಡೆಮಾಕ್ರಟಿಕ್ ಸಮಾವೇಶದ ವೇಳೆ ಪ್ರತಿಭಟನಾಕಾರರಿಗೆ ಸಿಕ್ಕಿದ್ದು ರೈಲು ಹಳಿಯ ಕೆಳಗೆ ಬೇಲಿ, ಬಲೆ, ಮುಳ್ಳುತಂತಿ ಬಿಗಿದ ಒಂದು ಆವರಣ. ವಾಕ್ ಸ್ವಾತಂತ್ರ್ಯಕ್ಕೆ ಇದಕ್ಕಿಂತ ದೊಡ್ಡ ಅವಮಾನ ಕಲ್ಪಿಸಿಕೊಳ್ಳುವುದೂ ಕಷ್ಟ ಎಂಬರ್ಥದ ಮಾತು ಹೇಳಿದ ನ್ಯಾಯಾಧೀಶರೇ ಭದ್ರತೆಯ ಕಾರಣಕ್ಕೆ ಅದನ್ನು ಉಳಿಸಿದರು. ಹೈದರಾಬಾದಿನ ಇಂದಿರಾ ಪಾರ್ಕ್ ಬಳಿಯ ಧರ್ನಾ ಚೌಕವನ್ನು 2017ರಲ್ಲಿ ಕೆ. ಚಂದ್ರಶೇಖರ ರಾವ್ ಸರ್ಕಾರ ಮುಚ್ಚಿ, ಧರಣಿ ಕೂರುವವರು ಊರಾಚೆ ಹೋಗಲಿ ಎಂದಿತು. ಹೈಕೋರ್ಟ್ 2018ರಲ್ಲಿ ಮತ್ತೆ ಅವಕಾಶ ಮಾಡಿಕೊಟ್ಟಿತು. 2021ರ ನವೆಂಬರ್ 18ರಂದು, ಕೇಂದ್ರ ಸರ್ಕಾರ ಭತ್ತ ಖರೀದಿಸಲಿ ಎಂದು ಒತ್ತಾಯಿಸಿ, ಅದೇ ಧರ್ನಾ ಚೌಕದಲ್ಲಿ ಮಂತ್ರಿಗಳ ಸಮೇತ ಧರಣಿ ಕೂತವರು ಮುಖ್ಯಮಂತ್ರಿ ಚಂದ್ರಶೇಖರ ರಾವ್.