ಕೀಲಿಕೈ ತಡವಾಗಿ ಬಂದಾಗ

ಬೈಲಹೊಂಗಲದಿಂದ ರಾಮದುರ್ಗಕ್ಕೆ ಹೊರಟ ಪ್ರಯಾಣಿಕನೊಬ್ಬನು ಸವದತ್ತಿಯಲ್ಲಿ ಬಸ್ಸು ಬದಲಿಸುವನೆಂದು ಭಾವಿಸೋಣ. ಅವನು ನಿಲ್ದಾಣ ಸೇರುವ ಒಂದು ನಿಮಿಷ ಮೊದಲೇ ರಾಮದುರ್ಗದ ಬಸ್ಸು ಹೊರಟುಹೋದರೆ, ಎರಡು ಬಸ್ಸುಗಳಲ್ಲಿಯೂ ಯಾವ ದೋಷವಿಲ್ಲದಿದ್ದರೂ ಪ್ರಯಾಣವು ಕೆಡುವದು. ನಮ್ಮ ಪ್ರಯೋಗಾಲಯದ ಗಣಕಯಂತ್ರವೊಂದು ಇದೇ ರೀತಿ ಕೆಡುತ್ತಿತ್ತು. ವಿದ್ಯಾರ್ಥಿಗಳು ವರ್ಷವಿಡೀ ತೆಗೆದ ಅಳತೆಗಳೆಲ್ಲ ಅದರ ಡಿಸ್ಕಿನಲ್ಲಿದ್ದವು. ಪ್ರಾಯೋಗಿಕ ಪರೀಕ್ಷೆಯು ಸಮೀಪಿಸಿತ್ತು. ಒಂದು ದಿನ ಯಂತ್ರವು ಸರಿಯಾಗಿ ಏಳುವದು. ಮರುದಿನ ಕೀಲಿಕೈ ಸಿಗಲಿಲ್ಲವೆಂದು ನಿಂತುಬಿಡುವದು. ಕೀಲಿಕೈಯಾದರೋ ಯಂತ್ರಕ್ಕೆ ಸಿಕ್ಕಿಸಿದ ಪೆನ್‌ಡ್ರೈವಿನಲ್ಲಿಯೇ ಇತ್ತು!

ಇಂಥ ಡಿಸ್ಕಿನ ಬರಹವೆಲ್ಲ ಗೂಢಲಿಪಿಯಲ್ಲಿರುವದು. ಲಿನಕ್ಸ್ ವ್ಯವಸ್ಥೆಯಲ್ಲಿ ಬಳಕೆಯಲ್ಲಿರುವ ಪದ್ಧತಿಗೆ 'ಲಕ್ಸ್' ಎಂದು ಹೆಸರು. ಸಾಬೂನಿಗೂ ಇದಕ್ಕೂ ಸಂಬಂಧವಿಲ್ಲ. 2004ರಲ್ಲಿ ಕ್ಲೆಮೆನ್ಸ್ ಫ್ರೂಹ್ವಿರ್ತ್ ಎಂಬವರು ಇದನ್ನು ರೂಪಿಸಿದರು. ಆದರೆ ಡಿಸ್ಕನ್ನು ತೆರೆಯುವ ಸಾಧನವೂ ಗೂಢಲಿಪಿಯೊಳಗೇ ಇದ್ದರೆ ತೆರೆಯುವವರಾರು? ಆದುದರಿಂದ ಕೀಲಿ ಹಾಕದ ಚಿಕ್ಕ ಭಾಗವೊಂದರಿಂದ 'ಇನಿಟ್‌ರಾಮ್‌ಎಫ್‌ಎಸ್' ಎಂಬ ಪುಟ್ಟ ತಾತ್ಕಾಲಿಕ ವ್ಯವಸ್ಥೆಯು ಮೊದಲು ಎಚ್ಚರಗೊಳ್ಳುವದು. ಅದು ಕೀಲಿಕೈಯನ್ನು ಹುಡುಕಿ, ಡಿಸ್ಕನ್ನು ತೆರೆದು, ಮುಖ್ಯ ವ್ಯವಸ್ಥೆಗೆ ಅಧಿಕಾರವನ್ನು ಒಪ್ಪಿಸುವದು.

ತೊಡಕು ಇರುವದು ಇಲ್ಲಿಯೇ. ಒಳಗಿನ ಡಿಸ್ಕು ಬೇಗನೆ ಸಿದ್ಧವಾಗುವದು. ಪೆನ್‌ಡ್ರೈವಿಗಾದರೋ ವಿದ್ಯುತ್ತು ದೊರೆಯಬೇಕು, ಅದು ತನ್ನ ಪರಿಚಯ ಹೇಳಬೇಕು, ಅದಕ್ಕೊಂದು ವಿಳಾಸ ಸಿಗಬೇಕು. ಇಷ್ಟಾದ ಮೇಲೂ ಲಿನಕ್ಸ್ ಸಾಮಾನ್ಯವಾಗಿ 1 ಸೆಕೆಂಡು ತಡೆದೇ ಅದನ್ನು ಬಳಸುವದು. ಈ ಕೆಲಸಗಳೆಲ್ಲ ಒಂದರ ಹಿಂದೊಂದು ನಡೆಯದೆ ಏಕಕಾಲಕ್ಕೆ ನಡೆಯುವದರಿಂದ, ಯಾವುದು ಮೊದಲು ಮುಗಿಯುವದೆಂಬ ನಿಯಮವಿಲ್ಲ. ಕಿತ್ತೂರಿನಿಂದ ಬರುವ ವಿದ್ಯಾರ್ಥಿಯೊಬ್ಬನು ಯಂತ್ರದ ದಿನಚರಿಯನ್ನು ಓದಿ ತೋರಿಸಿದನು: ಕೆಟ್ಟ ದಿನಗಳಲ್ಲಿ ಕೀಲಿಕೈಯನ್ನು ಕೇಳಿದ ಮೇಲೆ ಪೆನ್‌ಡ್ರೈವು ಕಾಣಿಸಿಕೊಂಡಿತ್ತು. ನಾವು ಹಳೆಯ ಡಿಸ್ಕನ್ನು ತೆಗೆದು ವೇಗದ ಡಿಸ್ಕನ್ನು ಹಾಕಿದಂದಿನಿಂದಲೇ ಈ ಪೀಡೆ ಆರಂಭವಾಗಿತ್ತೆಂಬುದೂ ಆಗ ನೆನಪಾಯಿತು.

ಮೊದಲು ನಾವು 10 ಸೆಕೆಂಡು ಕಾಯುವಂತೆ ಯಂತ್ರಕ್ಕೆ ಆಜ್ಞೆ ಕೊಟ್ಟೆವು. ಇದು ಜಾಣತನವಲ್ಲ. ನಿತ್ಯವೂ ಕಾಲ ವ್ಯರ್ಥ. ಮೇಲಾಗಿ ಹಳೆಯ ಪೆನ್‌ಡ್ರೈವೊಂದಕ್ಕೆ ಅದೂ ಸಾಲದಾಯಿತು. ಗಡಿಯಾರ ನೋಡಿ ಹೊರಡುವ ಬದಲು, "ಬೈಲಹೊಂಗಲದ ಗಾಡಿ ಬಂತೇನ್ರಿ?" ಎಂದು ಕೇಳಿ ಹೊರಡುವ ಕಂಡಕ್ಟರನೇ ಇಲ್ಲಿ ಬೇಕು. 'ಕ್ರಿಪ್ಟ್‌ಟ್ಯಾಬ್' ಎಂಬ ಕಡತದಲ್ಲಿ ಅಂಥ ಅನುಕೂಲವುಂಟು. ಪೆನ್‌ಡ್ರೈವು ಕಾಣಿಸಿದೊಡನೆ ಕೀಲಿ ತೆರೆಯುವದು. ಗೊತ್ತುಪಡಿಸಿದ ಅವಧಿಯೊಳಗೆ ಬಾರದಿದ್ದರೆ ಗುಪ್ತಪದವನ್ನು ಕೇಳುವದು. ಪೆನ್‌ಡ್ರೈವನ್ನು ಮಾತ್ರ ಅದರ ಸ್ಥಿರವಾದ ಗುರುತುಸಂಖ್ಯೆಯಿಂದಲೇ ಸೂಚಿಸಬೇಕು. 'ಎಸ್‌ಡಿಎ', 'ಎಸ್‌ಡಿಬಿ' ಎಂಬ ಹೆಸರುಗಳು ಬಂದ ಸರದಿಯಂತೆ ಬದಲಾಗುವವು. ಕೀಲಿಕೈಯನ್ನು ಪೆಟ್ಟಿಗೆಗೇ ಕಟ್ಟಿಡುವದು ಮೂರ್ಖತನವಾದುದರಿಂದ ಸಂಜೆ ಅದನ್ನು ಕಿತ್ತು ಮನೆಗೆ ಒಯ್ಯುತ್ತೇವೆ.

ಗುಪ್ತಪದವನ್ನು ಕೊಟ್ಟ ಮೇಲೆ ಆಗುವ ವಿಳಂಬವು ಬೇರೆ ಜಾತಿಯದು. ಅದು ಬುದ್ಧಿಪೂರ್ವಕವಾಗಿ ಮಾಡಿದ್ದು. 2015ರ ಸ್ಪರ್ಧೆಯಲ್ಲಿ ಗೆದ್ದ 'ಆರ್ಗಾನ್2' ಎಂಬ ವಿಧಾನವು ಪ್ರತಿಯೊಂದು ಪ್ರಯತ್ನಕ್ಕೂ ಹೇರಳ ಸ್ಮೃತಿಯನ್ನೂ ಸುಮಾರು 2 ಸೆಕೆಂಡುಗಳ ಗಣಿತವನ್ನೂ ಬೇಡುವದು. ಒಡೆಯನಿಗೆ ದಿನಕ್ಕೊಮ್ಮೆ 2 ಸೆಕೆಂಡು ಭಾರವಲ್ಲ; ಕೋಟಿಗಟ್ಟಲೆ ಪದಗಳನ್ನು ಊಹಿಸಿ ನೋಡುವ ಕಳ್ಳನಿಗೆ ಅದು ವರ್ಷಗಳ ಮಾತು. ಆ ಎರಡು ಸೆಕೆಂಡುಗಳನ್ನು ಕಡಿಮೆ ಮಾಡಲು ನಮ್ಮ ವಿದ್ಯಾರ್ಥಿಗಳು ಕೇಳಿದರು, ನಾವು ಬಿಡಲಿಲ್ಲ.