ಕೊರಿಯಾದ ಶುಂಠಿ ಚಹಾ, ತಿರುವೊಟ್ಟಿಯೂರಿನ ಒಲೆಯ ಮೇಲೆ



ತಿರುವೊಟ್ಟಿಯೂರಿನಿಂದ ಕೇಳುಗರೊಬ್ಬರು ನಮ್ಮ ಕನ್ನಡ ವೇಳೆಗೆ ಒಂದು ಪತ್ರ ಬರೆದಿದ್ದಾರೆ. ಅವರ ಮಗ ಶ್ರೀಪೆರುಂಬುದೂರಿನ ಕಡೆ ಕೊರಿಯಾದವರ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಜೊತೆಗೆ ಕೆಲಸ ಮಾಡುವ ಕೊರಿಯಾದವರೊಬ್ಬರು ಕೆಮ್ಮಿಗೆ ಒಳ್ಳೆಯದೆಂದು ಒಂದು ಬಾಟಲಿ ಶುಂಠಿ ಚಹಾ ಕೊಟ್ಟರಂತೆ. ನೋಡಲು ಜೇನಿನಲ್ಲಿ ನೆನೆಸಿಟ್ಟ ಶುಂಠಿಯ ಹಾಗಿತ್ತು. ಮನೆಯ ಅಜ್ಜಿಗೆ ಅದರ ರುಚಿ ಹಿಡಿಸಿತು. ಬೆಳಿಗ್ಗೆ ಸಂಜೆ ಎರಡೆರಡು ದೊಡ್ಡ ಚಮಚ ಬಿಸಿನೀರಿಗೆ ಹಾಕಿ ಕುಡಿದರು. ಅಜ್ಜಿಗೆ ಸಕ್ಕರೆ ಕಾಯಿಲೆ. ಮೂರು ವಾರ ಕಳೆದು ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಏರಿ ಕೂತಿತ್ತು! "ಮದ್ದು ಅಂತ ಕೊಟ್ಟೆವು, ತಪ್ಪಿದ್ದೆಲ್ಲಿ? ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ?" ಎಂದು ಆ ತಾಯಿ ಕೇಳಿದ್ದಾರೆ.

ಇದು ಒಂದು ಮನೆಯ ಪ್ರಶ್ನೆಯಲ್ಲ. 1996ರಲ್ಲಿ ಹ್ಯುಂಡೈ ಕಂಪನಿ ಚೆನ್ನೈಗೆ ಬಂದು, 1998ರಲ್ಲಿ ಇರುಂಗಾಟ್ಟುಕೋಟ್ಟೈಯಿಂದ ಸ್ಯಾಂಟ್ರೋ ಕಾರು ಹೊರಬಂದ ಮೇಲೆ ಕೊರಿಯಾದ ಕುಟುಂಬಗಳು ಇಲ್ಲಿ ನೆಲೆಸಿದವು. ಅವರ ಜೊತೆಗೆ ಅವರ ಊಟ, ಅಂಗಡಿಗಳೂ ಬಂದವು. ಹಾಗಾಗಿ ಆ ಬಾಟಲಿ ನಿಮ್ಮ ಮನೆಗೂ ಬಂದಿರಬಹುದು.

ಮೊದಲು ಹೆಸರು ನೋಡೋಣ. ಕೊರಿಯಾ ಭಾಷೆಯಲ್ಲಿ ಇದು 'ಸೇಂಗ್‌ಗಾಂಗ್ ಚಾ'. ಸೇಂಗ್‌ಗಾಂಗ್ ಎಂದರೆ ಶುಂಠಿ, ಚಾ ಎಂದರೆ ಚಹಾ. ಆದರೆ ಇದರಲ್ಲಿ ಚಹಾ ಸೊಪ್ಪೂ ಇಲ್ಲ, ಹಾಲೂ ಇಲ್ಲ. ಹಣ್ಣು, ಬೇರು, ಕಾಳು ಯಾವುದನ್ನು ಕುದಿಸಿ ಕುಡಿದರೂ ಅವರಿಗೆ ಅದು 'ಚಾ'. ನಾವು ಅದನ್ನೇ ಕಷಾಯ ಎನ್ನುತ್ತೇವೆ, ಅಷ್ಟೇ. ಶುಂಠಿಗೆ ಉತ್ತರ ಕರ್ನಾಟಕದವರು 'ಅಲ್ಲ' ಎನ್ನುತ್ತಾರೆ, ತಮಿಳರು ಹಸಿಯದಕ್ಕೆ ಇಂಜಿ, ಒಣಗಿದ್ದಕ್ಕೆ ಸುಕ್ಕು ಎನ್ನುತ್ತಾರೆ. ಹೆಸರು ಬೇರೆ, ಖಾರ ಒಂದೇ.

ಕೊರಿಯಾದಲ್ಲಿ ಶುಂಠಿಗೆ ಹೆಸರಾದ ಊರು ವಾಂಜು ಕೌಂಟಿಯ ಬೋಂಗ್‌ಡೋಂಗ್. ಅಲ್ಲಿಯ ಚಳಿಗೆ ಬಿತ್ತನೆಯ ಶುಂಠಿ ಕೊಳೆತುಹೋಗುತ್ತದೆ. ಅದಕ್ಕೆ ಅಲ್ಲಿಯ ರೈತರು ಮನೆಯ ಕೋಣೆಯ ಕೆಳಗೇ ಗುಂಡಿ ತೋಡಿ ಶುಂಠಿ ಕೂಡಿಡುತ್ತಿದ್ದರು. ಒಲೆಯ ಬಿಸಿಹೊಗೆಯನ್ನು ನೆಲದಡಿ ಹಾಯಿಸಿ ಮನೆ ಬೆಚ್ಚಗಿಡುವ ಪದ್ಧತಿ ಅವರದು. ಆ ಬಿಸಿಯಲ್ಲೇ ಮೇಲೆ ಮನುಷ್ಯರು, ಕೆಳಗೆ ಶುಂಠಿ! ಈ ಪದ್ಧತಿಗೆ 2019ರಲ್ಲಿ ಕೊರಿಯಾ ಸರಕಾರ ರಾಷ್ಟ್ರೀಯ ಕೃಷಿ ಪರಂಪರೆಯ ಮಾನ್ಯತೆ ಕೊಟ್ಟಿತು.

ಈಗ ಅಜ್ಜಿಯ ವಿಷಯ. ಈ ಚಹಾದಲ್ಲಿ ಎರಡು ಬಗೆ. ಒಂದು ಕುದಿಸುವುದು, ಇನ್ನೊಂದು ನೆನೆಸಿಡುವುದು. ನೆನೆಸಿಡುವ ಬಗೆಗೆ 'ಚೋಂಗ್' ಎನ್ನುತ್ತಾರೆ. ಶುಂಠಿಯಷ್ಟೇ ತೂಕದ ಸಕ್ಕರೆ ಅಥವಾ ಜೇನು ಅದರಲ್ಲಿರುತ್ತದೆ. ಎರಡು ದೊಡ್ಡ ಚಮಚ ಹಾಕಿಕೊಂಡರೆ ಸುಮಾರು 40 ಗ್ರಾಂ, ಅದರಲ್ಲಿ ಅರ್ಧ, ಎಂದರೆ 20 ಗ್ರಾಂ ಸಕ್ಕರೆ. ನಾಲ್ಕೈದು ಟೀ ಚಮಚ ಆಯಿತಲ್ಲ! ದಿನಕ್ಕೆರಡು ಸಲ ಎಂದರೆ ಲೆಕ್ಕ ನೀವೇ ಹಾಕಿ. ಶುಂಠಿಯ ಖಾರದ ಎದುರು ಆ ಸಿಹಿ ನಾಲಿಗೆಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಜೇನೂ ಸಕ್ಕರೆಯೇ ಎಂಬುದನ್ನು ಮರೆಯಬೇಡಿ.

ಹಾಗಾದರೆ ಅಜ್ಜಿಯಂಥವರಿಗೆ ಕುದಿಸುವ ಬಗೆಯೇ ಸರಿ. 50 ಗ್ರಾಂ ಹಸಿ ಶುಂಠಿಯ ಸಿಪ್ಪೆಯನ್ನು ಚಮಚದ ಅಂಚಿನಿಂದ ಕೆರೆದು, ತೆಳ್ಳಗೆ ಹೆಚ್ಚಿ. ಒಂದು ಲೀಟರ್ ನೀರಿಗೆ ಹಾಕಿ, ಬೆರಳುದ್ದದ ಚಕ್ಕೆ ಸೇರಿಸಿ. ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 25 ನಿಮಿಷ ಇಟ್ಟು ಸೋಸಿ. ಕೊರಿಯಾದವರು ಇದಕ್ಕೆ 'ದೇಚು' ಎಂಬ ಒಣಹಣ್ಣು ಹಾಕುತ್ತಾರೆ. ಅದು ಬೇರೇನಲ್ಲ, ನಮ್ಮ ಬೋರೆಹಣ್ಣಿನ ಹತ್ತಿರದ ನೆಂಟ. ಇಲ್ಲಿ ಶಾಲೆಯ ಬಾಗಿಲಲ್ಲಿ ಮಕ್ಕಳು ಚೀಪುವ ಇಲಂದ ವಡೈ ಇದೆಯಲ್ಲ, ಆ ಜಾತಿ. ಆದರೆ ವಡೈಗೆ ಉಪ್ಪು ಖಾರ ಬೆರೆಸಿರುತ್ತಾರೆ, ಅದು ಬೇಡ. ಸಿಹಿ ಬೇಕಾದವರು ಎರಡು ಉತ್ತತ್ತಿ ಹಾಕಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಅದೂ ಬೇಡ. ಜೇನು ಬೇಕಾದವರು ಲೋಟಕ್ಕೆ ಬಗ್ಗಿಸಿ, ಸ್ವಲ್ಪ ಆರಿದ ಮೇಲೆ ಸೇರಿಸಿಕೊಳ್ಳಲಿ. ಮೇಲೆ ತೇಲಿಬಿಡಲು ಅವರಿಗೆ ಪೈನ್ ಮರದ ಬೀಜ, ನಮಗೆ ಗೋಡಂಬಿ ಚೂರು.

ನೆನೆಸಿಡುವುದಕ್ಕೆ 250 ಗ್ರಾಂ ಶುಂಠಿ, 250 ಗ್ರಾಂ ಸಕ್ಕರೆ. ಹೆಚ್ಚಿದ ಶುಂಠಿಯನ್ನು ತೊಳೆದು ಹಿಟ್ಟಿನಂಶ ತೆಗೆದು, ಬಟ್ಟೆಯ ಮೇಲೆ ಆರಿಸಿ. ಒಣಗಿದ ಗಾಜಿನ ಬಾಟಲಿಯಲ್ಲಿ ಒಂದು ಪದರ ಶುಂಠಿ, ಒಂದು ಪದರ ಸಕ್ಕರೆ ಹೀಗೆ ತುಂಬಿ. ಮೇಲಿನ ಪದರ ಸಕ್ಕರೆಯದೇ ಇರಲಿ. ಕೊರಿಯಾದ ಚಳಿಯಲ್ಲಿ ಅದನ್ನು ಹಲವು ದಿನ ಹೊರಗೇ ಇಡುತ್ತಾರೆ. ನಮ್ಮ ಚೆನ್ನೈ ಸೆಕೆಗೆ ಹಾಗಿಟ್ಟರೆ ಹುಳಿಯುತ್ತದೆ. ಸಕ್ಕರೆ ಕರಗಿದ ಕೂಡಲೇ ಫ್ರಿಜ್‌ಗೆ ಹಾಕಿ. ಒದ್ದೆ ಚಮಚ ಮುಟ್ಟಿಸಬೇಡಿ. ಹುಳಿ ವಾಸನೆ ಬಂದರೆ ಮುಲಾಜಿಲ್ಲದೆ ಚೆಲ್ಲಿಬಿಡಿ.

ಇನ್ನೊಂದು ಮಾತು. ಹಸಿ ಶುಂಠಿಯ ಖಾರಕ್ಕೆ ಕಾರಣ ಜಿಂಜರಾಲ್ ಎಂಬ ಅಂಶ. ಒಣಗಿಸಿದಾಗ ಅದರಲ್ಲಿ ಒಂದು ಭಾಗ ಶೋಗಾಲ್ ಆಗುತ್ತದೆ. ಅದು ಇನ್ನೂ ಖಾರ. ಸುಕ್ಕು ಕಾಪಿ ಗಂಟಲಲ್ಲಿ ಚುರ್ ಎನ್ನುವುದು ಅದಕ್ಕೇ. ಹಸಿ ಶುಂಠಿಯಲ್ಲಿ ಹಾಲು ಒಡೆಸುವ ಕಿಣ್ವವೂ ಇದೆ. ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಸಿದರೆ ಅದರ ಶಕ್ತಿ ಹೋಗುತ್ತದೆ. ಹಾಲು ಹಾಕಿ ಮಾಡುವ ನಮ್ಮ ಶುಂಠಿ ಟೀಗೂ ಈ ಕ್ರಮವೇ ಕ್ಷೇಮ.

ನನ್ನ ಹೊಟ್ಟೆಪಾಡು ನಡೆಯುವುದು ಗಂಟಲಿನಿಂದ. ಎಣ್ಣೂರು ರಸ್ತೆಯ ಕಂಟೇನರ್ ಲಾರಿಗಳ ಧೂಳು ಕುಡಿದು ಸ್ಟುಡಿಯೋ ಸೇರುವ ದಿನ ಫ್ಲಾಸ್ಕಿನಲ್ಲಿ ಈ ಕಷಾಯ ಇದ್ದೇ ಇರುತ್ತದೆ. ಗಂಟಲಿಗೆ ಹಿತವೆನಿಸುತ್ತದೆ, ನಿಜ. ಆದರೆ ಹಿತವೇ ಬೇರೆ, ಚಿಕಿತ್ಸೆಯೇ ಬೇರೆ. ಎರಡು ವಾರ ದಾಟಿದ ಕೆಮ್ಮಿಗೆ ಶುಂಠಿಯನ್ನು ನಂಬಿ ಕೂರಬೇಡಿ. ಸರಕಾರಿ ಆರೋಗ್ಯ ಕೇಂದ್ರದಲ್ಲಿ ಕ್ಷಯದ ಕಫ ಪರೀಕ್ಷೆ ಉಚಿತವಾಗಿ ಮಾಡುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ದಿನಾ ಕುಡಿಯುವ ಮೊದಲು ವೈದ್ಯರನ್ನು ಕೇಳಿ. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬೇಡಿ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವೆ. ಅದೇ ಶುಂಠಿ ಕಡಲು ದಾಟಿ ಚಂದದ ಬಾಟಲಿಯಲ್ಲಿ ಬಂದರೆ ಅಳತೆ ನೋಡದೆ ಕುಡಿಯುತ್ತೇವೆ. ಪತ್ರ ಬರೆದ ಅಮ್ಮನವರೇ, ತಪ್ಪು ನಿಮ್ಮದಲ್ಲ, ಕೊಟ್ಟವರದೂ ಅಲ್ಲ. ಅಜ್ಜಿಯನ್ನು ಒಮ್ಮೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಏನೇನು ಕುಡಿದರೆಂದು ಬಿಡಿಸಿ ಹೇಳಿ. ಬಾಟಲಿ ಮಗನಿಗಿರಲಿ. ಅಜ್ಜಿಗೆ ಸಂಜೆ ಒಂದು ಪುಟ್ಟ ಲೋಟ ಸಪ್ಪೆ ಕಷಾಯ ಮಾಡಿಕೊಡಿ. ಮೊದಲೆರಡು ದಿನ ಗೊಣಗಬಹುದು, ಆಮೇಲೆ ತಾವೇ ಕೇಳಿ ಕುಡಿದಾರು.