ಹರಿದ ಲಿಗಮೆಂಟಿಗೆ ರೇಷ್ಮೆಯ ಚಂದ್ರಂಕಿ

ಜೆ.ಪಿ. ನಗರದ ಓದುಗರೊಬ್ಬರು ಕೇಳಿದ್ದಾರೆ: ‘ಶಟಲ್ ಆಡುವಾಗ ಮಗಳ ಮಂಡಿ ತಿರುಚಿ ಎಸಿಎಲ್ ಪೂರ್ತಿ ಹರಿದಿದೆ. ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಅಲ್ಲಿ ಕೂರಿಸಬೇಕು ಅಂತಾರೆ ಡಾಕ್ಟರು. ಹರಿದದ್ದನ್ನೇ ಮತ್ತೆ ಬೆಳೆಸುವ ಇಂಪ್ಲಾಂಟ್ ಬಂದಿದೆಯಂತಲ್ಲ, ಅದಕ್ಕೆ ಕಾಯೋಣವೇ?’

ಮಂಡಿಯ ಪಕ್ಕದ ಲಿಗಮೆಂಟ್ ಹರಿದರೆ ಬಹುಪಾಲು ತಾನೇ ಕೂಡಿಕೊಳ್ಳುತ್ತದೆ. ಕೀಲಿನ ಒಳಗಿರುವ ಲಿಗಮೆಂಟಾದ ಎಸಿಎಲ್‌ಗೆ ಸಾಮಾನ್ಯವಾಗಿ ಆ ಭಾಗ್ಯವಿಲ್ಲ. ಗಾಯ ಮಾಯುವುದು ಶುರುವಾಗುವುದೇ ರಕ್ತದ ಹೆಪ್ಪಿನಿಂದ. ಅದನ್ನು ಹಿಡಿದುಕೊಂಡೇ ಜೀವಕೋಶಗಳು ಹೊಸ ಎಳೆ ಕಟ್ಟುತ್ತವೆ. ಕೀಲುದ್ರವದಲ್ಲಿ ಆ ಹೆಪ್ಪನ್ನು ಕರಗಿಸುವ ಕಿಣ್ವಗಳಿವೆ. ಹಾಗಾಗಿ ಹರಿದ ಎರಡು ತುದಿಗಳ ನಡುವೆ ಏನೂ ನಿಲ್ಲುವುದಿಲ್ಲ.

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೇಯೊ ರಾಬ್ಸನ್ 1895ರಲ್ಲೇ ಒಬ್ಬ ಗಣಿ ಕಾರ್ಮಿಕನ ಲಿಗಮೆಂಟನ್ನು ಹೊಲಿದಿದ್ದ. ಬರೀ ಹೊಲಿಗೆ ಬಾಳುವುದಿಲ್ಲವೆಂದು ಮುಂದೆ ಗೊತ್ತಾಯಿತು. 1980ರ ದಶಕದಲ್ಲಿ ಕಾರ್ಬನ್ ನಾರು, ಡೇಕ್ರಾನ್, ಗೋರ್‌ಟೆಕ್ಸ್‌ಗಳ ಸರದಿ. ಎಲ್ಲವೂ ಗಟ್ಟಿಯೇ. ಆದರೆ ದಿನವೂ ಸಾವಿರಾರು ಸಲ ಮಡಚಿ ಬಿಡಿಸುವ ಮಂಡಿಯಲ್ಲಿ ಅವು ಸವೆದವು, ಪುಡಿಯಾದವು, ಕೀಲು ಊದಿಕೊಂಡಿತು. ಯುವಕರ ಎಸಿಎಲ್ ಹರಿಯಲು ಸುಮಾರು 2160 ನ್ಯೂಟನ್ ಬಲ, ಅಂದರೆ 220 ಕಿಲೋ ಭಾರದ ಎಳೆತ ಬೇಕು. ಎಲ್ಲರ ಕಣ್ಣೂ ಇಂಥ ಬಲದ ಮೇಲೇ ಇತ್ತು. ತಪ್ಪಿದ್ದು ಅಲ್ಲೇ ಅಂತ ನನ್ನ ಅನಿಸಿಕೆ. ನಿರ್ಜೀವ ಹಗ್ಗ ಎಷ್ಟು ಗಟ್ಟಿಯಿದ್ದರೂ ತನ್ನ ಸವೆತವನ್ನು ತಾನು ರಿಪೇರಿ ಮಾಡಿಕೊಳ್ಳಲಾರದು.

ಹಗ್ಗದ ಬದಲು ಆಸರೆ ಕೊಟ್ಟರೆ? ರೇಷ್ಮೆಹುಳುವನ್ನು ಬರಿನೆಲದ ಮೇಲೆ ಬಿಟ್ಟರೆ ಗೂಡು ಸರಿಯಾಗಿ ಕಟ್ಟುವುದಿಲ್ಲ, ಅದಕ್ಕೆ ಚಂದ್ರಂಕಿ ಬೇಕು. ಹಣ್ಣಾದ ಹುಳುಗಳನ್ನು ರೈತರು ಆ ಬಿದಿರಿನ ಸುತ್ತುಗಳ ಮೇಲೆ ಬಿಡುತ್ತಾರೆ. ನೂಲುವ ಕೆಲಸವೆಲ್ಲ ಹುಳುವಿನದೇ. ಗೂಡಾದ ಮೇಲೆ ಚಂದ್ರಂಕಿಯ ಕೆಲಸ ಮುಗಿಯಿತು. ಈಗಿನ ಜೈವಿಕ ಇಂಪ್ಲಾಂಟಿನ ಪಾತ್ರವೂ ಅಷ್ಟೇ: ಜೀವಕೋಶಗಳಿಗೆ ಆಸರೆ ಕೊಡುವುದು, ಅವು ಎಳೆ ನೇಯುತ್ತಿದ್ದಂತೆ ತಾನು ಕರಗಿಹೋಗುವುದು.

ಆ ಆಸರೆಯನ್ನು ರೇಷ್ಮೆಯಿಂದಲೇ ಮಾಡಿದವರಿದ್ದಾರೆ. ಬೋಸ್ಟನ್ ಬಳಿಯ ಟಫ್ಟ್ಸ್ ವಿಶ್ವವಿದ್ಯಾಲಯದ ಗ್ರೆಗರಿ ಆಲ್ಟ್‌ಮನ್, ಡೇವಿಡ್ ಕಪ್ಲಾನ್ ಮತ್ತು ಸಂಗಡಿಗರು 2002ರಲ್ಲಿ ಅದನ್ನು ಪ್ರಕಟಿಸಿದರು. ಕಚ್ಚಾ ರೇಷ್ಮೆಯನ್ನು ಸೋಡಾ-ಸೋಪಿನ ಬಿಸಿನೀರಿನಲ್ಲಿ ಕುದಿಸಿ ಸೆರಿಸಿನ್ ಎಂಬ ಅಂಟು ತೆಗೆದರು. ಬಣ್ಣ ಹಾಕುವ ಮುನ್ನ ನಮ್ಮವರು ಮಾಡುವುದೂ ಇದನ್ನೇ. ದೇಹಕ್ಕೆ ಒಗ್ಗದೆ ತೊಂದರೆ ಕೊಡುವುದು ಹೆಚ್ಚಾಗಿ ಈ ಅಂಟು. ಉಳಿದ ಫೈಬ್ರಾಯಿನ್ ಎಳೆಗಳಲ್ಲಿ 30 ಸೇರಿಸಿ ಒಂದು ಕಟ್ಟು, 6 ಕಟ್ಟಿಗೆ ಒಂದು ಹುರಿ, 3 ಹುರಿ ಹೊಸೆದು ಒಂದು ದಾರ, ಅಂಥ 6 ದಾರಗಳನ್ನು ಪಕ್ಕಪಕ್ಕ ಇಟ್ಟರು. ಬಲದಲ್ಲಿ ಅದು ಎಸಿಎಲ್‌ಗೆ ಸರಿಸಾಟಿಯಾಯಿತು. ಅಸ್ಥಿಮಜ್ಜೆಯ ಕೋಶಗಳು ಅದರ ಮೇಲೆ ಬೆಳೆದವು. ಮೇಕೆಗಳ ಮೇಲೂ ಪ್ರಯೋಗ ನಡೆಯಿತು. ಆದರೆ 2010ರಲ್ಲಿ ಈ ಕೆಲಸ ಮಾಡುತ್ತಿದ್ದ ಕಂಪನಿಯನ್ನು ಅಲರ್ಗನ್ ಕೊಂಡಿತು. ರೇಷ್ಮೆ ಮಾರುಕಟ್ಟೆಗೆ ಬಂದದ್ದು ಮೃದು ಅಂಗಾಂಶಕ್ಕೆ ಆಸರೆ ಕೊಡುವ ಬಲೆಯಾಗಿ, ಲಿಗಮೆಂಟಾಗಿ ಅಲ್ಲ. ಕೇಂದ್ರ ರೇಷ್ಮೆ ಮಂಡಳಿಯ ಕಚೇರಿ ಇರುವುದು ನಮ್ಮ ಬಿಟಿಎಂ ಲೇಔಟ್‌ನಲ್ಲಿ, ಗೂಡಿನ ದೊಡ್ಡ ಮಾರುಕಟ್ಟೆ ರಾಮನಗರದಲ್ಲಿ. ಈ ಕೆಲಸವನ್ನು ಮುಂದಕ್ಕೆ ಒಯ್ಯಲು ಬೆಂಗಳೂರಿಗಿಂತ ತಕ್ಕ ಊರು ಯಾವುದು?

ಓದುಗರು ಕೇಳಿರುವುದು ಬಹುಶಃ ‘ಬೇರ್’ ಇಂಪ್ಲಾಂಟ್ ಬಗ್ಗೆ. ಬೋಸ್ಟನ್ ಮಕ್ಕಳ ಆಸ್ಪತ್ರೆಯ ಡಾ. ಮಾರ್ಥಾ ಮರ್ರೆ ರೂಪಿಸಿದ್ದು, ಹಸುವಿನ ಕೊಲ್ಯಾಜನ್‌ನಿಂದ ಮಾಡಿದ ಸ್ಪಂಜು. ಅದಕ್ಕೆ ರೋಗಿಯದೇ ರಕ್ತ ತುಂಬಿ ಹರಿದ ತುದಿಗಳ ನಡುವೆ ಇಡುತ್ತಾರೆ. ಹೆಪ್ಪು ಕರಗದೆ ನಿಲ್ಲುತ್ತದೆ. ಸುಮಾರು 8 ವಾರಗಳಲ್ಲಿ ಸ್ಪಂಜೇ ಕರಗುತ್ತದೆ. ಅಮೆರಿಕದ ಎಫ್‌ಡಿಎ 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ 100 ಮಂದಿಯ ಪರೀಕ್ಷೆಯಲ್ಲಿ ಎರಡು ವರ್ಷದ ನಂತರ ಕಂಡದ್ದು, ಮಂಡಿಯ ಬಿಗಿ ಮತ್ತು ಓಡಾಟದಲ್ಲಿ ಇದು ಹಳೆಯ ವಿಧಾನಕ್ಕಿಂತ ಕಡಿಮೆಯಿಲ್ಲ ಎಂಬುದಷ್ಟೇ. ತೊಡೆಯ ಸ್ನಾಯುರಜ್ಜು ಉಳಿಯುತ್ತದೆ, ಅದು ನಿಜವಾದ ಲಾಭ. ಮತ್ತೆ ಹರಿಯುವ ಭಯವನ್ನು ಅದು ನೀಗಿಸಿಲ್ಲ. ಮೇಲಾಗಿ 2020ರ ಒಪ್ಪಿಗೆಯ ಪ್ರಕಾರ ಪೆಟ್ಟಾದ 50 ದಿನಗಳ ಒಳಗೆ ಹಾಕಬೇಕು, ಲಿಗಮೆಂಟಿನ ಮೋಟು ಮೂಳೆಗೆ ಅಂಟಿರಬೇಕು.

ಆದ್ದರಿಂದ ಕಾಯಬೇಡಿ. ಸಡಿಲ ಮಂಡಿಯಲ್ಲೇ ಆಡಿದರೆ ಒಳಗಿನ ಮೆನಿಸ್ಕಸ್ ಎಂಬ ಮೆತ್ತೆ ಕೂಡ ಹರಿಯಬಹುದು. ನಿಮ್ಮ ಡಾಕ್ಟರು ಹೇಳಿದ್ದು ಇಂದಿಗೂ ನಂಬಬಹುದಾದ ದಾರಿಯೇ. ಎರಡನೆಯ ಅಭಿಪ್ರಾಯ ಬೇಕಿದ್ದರೆ ಮೂಳೆ-ಕೀಲುಗಳಿಗೆಂದೇ ಇರುವ ಸರ್ಕಾರದ ಸಂಜಯ್ ಗಾಂಧಿ ಸಂಸ್ಥೆ ಜಯನಗರದಲ್ಲೇ ಇದೆ. ಆಪರೇಷನ್ ಆದ ಮೇಲೆ ಫಿಸಿಯೋಥೆರಪಿಯನ್ನು ಮಾತ್ರ ಅರ್ಧಕ್ಕೆ ಬಿಡಿಸಬೇಡಿ.